ಕೇಳುವುದಾದರೂ ಯಾರನ್ನು?

ಹಾತಿಮ್ ರಹಮಾನ್ ಎಂಬ ಅಮೆರಿಕದ ಸಂಶೋಧಕರು ಮೂರು ವರ್ಷಕ್ಕೂ ಮೇಲ್ಪಟ್ಟು ಒಂದೇ ಆನ್‌ಲೈನ್ ವೇದಿಕೆಯ ಬೆನ್ನು ಬಿದ್ದಿದ್ದರು. ತಾವೂ ಅದರಲ್ಲಿ ಖಾತೆ ತೆರೆದರು, ಅಲ್ಲಿ ಕೆಲಸ ಮಾಡುವವರನ್ನು ಮಾತಾಡಿಸಿದರು, ಕಂಪನಿಯ ಕಾಗದಪತ್ರಗಳನ್ನು ಕೂಡಿಹಾಕಿದರು. ಅದು ಊಟ ಹೊತ್ತು ತರುವವರ ವೇದಿಕೆಯಲ್ಲ. ಬಿಡಿ ಕೆಲಸಗಳನ್ನು ಹಿಡಿದು ಮನೆಯಿಂದಲೇ ಮಾಡಿಕೊಡುವ, ಚೆನ್ನಾಗಿ ಓದಿದ ಫ್ರೀಲ್ಯಾನ್ಸರುಗಳದ್ದು. 2021ರಲ್ಲಿ ‘ಅಡ್ಮಿನಿಸ್ಟ್ರೇಟಿವ್ ಸೈನ್ಸ್ ಕ್ವಾರ್ಟರ್ಲಿ’ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧವನ್ನು ನಾನು ಓದಿದ್ದು ಪಾಠಕ್ಕೆ ಬೇಕೆಂದು. ಓದುತ್ತ ಓದುತ್ತ ತಲೆಗೆ ಬಂದದ್ದು ಮಾತ್ರ ಕೇರಳದ ಗಡಿಯಲ್ಲಿರುವ ನಮ್ಮ ಮಂಜೇಶ್ವರದ ಬೀಡಿ ಬ್ರಾಂಚು, ಮನೆಯಲ್ಲಿ ಕಟ್ಟಿದ ಬೀಡಿಯನ್ನು ಕೊಂಡುಹೋಗಿ ಕೊಡುವ ಜಾಗ.

ರಹಮಾನ್ ಹೇಳುವುದು ಇದು. ಮೊದಲು ಆ ವೇದಿಕೆಯಲ್ಲಿ ಅಂಕ ಕೊಡುವ ಲೆಕ್ಕ ಎಲ್ಲರಿಗೂ ತಿಳಿದಿತ್ತು. ಕೆಲಸ ಮಾಡಿಸಿಕೊಂಡವರು ಸ್ಟಾರ್ ಕೊಡುತ್ತಿದ್ದರು, ಅದರ ಸರಾಸರಿ ಹೆಸರಿನ ಪಕ್ಕದಲ್ಲಿ ಕಾಣುತ್ತಿತ್ತು. ಬರಬರುತ್ತ ಬಹುತೇಕ ಎಲ್ಲರ ಸ್ಟಾರೂ ಮೇಲಕ್ಕೇರಿ ಒಂದೇ ಮಟ್ಟಕ್ಕೆ ನಿಂತಿತು. ಯಾರು ನಿಜಕ್ಕೂ ಒಳ್ಳೆಯ ಕೆಲಸಗಾರ, ಯಾರು ಸುಮಾರು ಎಂದು ಗಿರಾಕಿಗೆ ತಿಳಿಯದಾಯಿತು. ಆಗ ಕಂಪನಿ ಹೊಸ ಅಂಕ ತಂದಿತು. ಅದರ ಲೆಕ್ಕ ಹೇಗೆ ಎಂಬುದನ್ನು ಹೇಳಲಿಲ್ಲ. ಹೇಳಿದರೆ ಮತ್ತೆ ಅದನ್ನೂ ಆಟ ಮಾಡಿಕೊಳ್ಳುತ್ತಾರೆ ಎಂಬ ಭಯ.

ಆಮೇಲೆ ಆದದ್ದೇ ಪ್ರಬಂಧದ ತಿರುಳು. ಅಂಕ ಇಳಿದರೆ ಕೆಲಸ ಸಿಗುವುದಿಲ್ಲ ಎಂದು ಗೊತ್ತು, ಏಕೆ ಇಳಿಯಿತೆಂದು ಗೊತ್ತಿಲ್ಲ. ಕೆಲವರು ಪ್ರಯೋಗಕ್ಕಿಳಿದರು: ಈ ಬಗೆಯ ಕೆಲಸ ಹಿಡಿದು ನೋಡು, ಆ ಬಗೆಯದನ್ನು ಬಿಟ್ಟು ನೋಡು. ಇನ್ನು ಕೆಲವರು ಕೈಕಾಲು ಮುದುಡಿಕೊಂಡರು. ವೇದಿಕೆಯಲ್ಲಿ ಆದಷ್ಟು ಕಡಿಮೆ ಓಡಾಟ, ಹೊಸ ಗಿರಾಕಿಯ ಉಸಾಬರಿಯೇ ಬೇಡ. ಒಳ್ಳೆಯ ಕೆಲಸಗಾರರು ಧೈರ್ಯದಿಂದ ಇದ್ದರು, ಉಳಿದವರು ಹೆದರಿದರು ಎಂದುಕೊಂಡರೆ ಹಾಗಿಲ್ಲ. ಯಾರು ಹೇಗೆ ನಡೆದುಕೊಂಡರು ಎಂಬುದು, ಅವರ ಹೊಟ್ಟೆಪಾಡು ಆ ವೇದಿಕೆಯ ಮೇಲೆ ಎಷ್ಟು ನಿಂತಿತ್ತು, ಒಮ್ಮೆಯಾದರೂ ಅಂಕ ಇಳಿದು ಪೆಟ್ಟು ತಿಂದಿದ್ದರೇ ಎಂಬುದರ ಮೇಲೂ ಇತ್ತು. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಆಧುನಿಕ ಕಚೇರಿ ವ್ಯವಸ್ಥೆಯನ್ನು ಕಬ್ಬಿಣದ ಪಂಜರ ಎಂದು ಕಂಡವರು ಎನ್ನುತ್ತಾರಲ್ಲ, ಅಲ್ಲಿ ಕಂಬಿಗಳಾದರೂ ಕಾಣುತ್ತವೆ. ರಹಮಾನ್ ಇದನ್ನು ಕಣ್ಣಿಗೆ ಕಾಣದ ಪಂಜರ ಎಂದರು. ಗೆಲ್ಲಲು ಏನು ಮಾಡಬೇಕೆಂಬುದೂ ತಿಳಿಯದು, ಆ ಏನು ಎಂಬುದು ಯಾವಾಗ ಬದಲಾಗುತ್ತದೆ ಎಂಬುದೂ ತಿಳಿಯದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊದಲು ಕಾಸರಗೋಡು ಪೇಟೆಯಲ್ಲಿ ಊಟದ ಡೆಲಿವರಿ ಮಾಡುತ್ತಿದ್ದ, ಈಗ ತಲಪಾಡಿಯ ಗಡಿ ದಾಟಿ ಕರ್ನಾಟಕದ ದೇರಳಕಟ್ಟೆಗೆ ಹೋಗುತ್ತಾನೆ. ಅಲ್ಲಿ ಮೆಡಿಕಲ್ ಕಾಲೇಜುಗಳು, ಹಾಸ್ಟೆಲುಗಳು, ಮಧ್ಯರಾತ್ರಿಯಾದರೂ ಹಸಿಯುವ ಮಕ್ಕಳು. ಆರ್ಡರಿಗೆ ಬರವಿಲ್ಲ. ಅವನನ್ನು ಕೂರಿಸಿಕೊಂಡು ಕೇಳಿದೆ, ಆರ್ಡರ್ ಯಾರಿಗೆ ಬೀಳುತ್ತದೆ ಎಂದು ನಿನಗೆ ಹೇಗೆ ಗೊತ್ತಾಗುತ್ತದೆ?

“ಗೊತ್ತಾಗುವುದಿಲ್ಲ ಟೀಚರ್. ಆದರೆ ಒಂದು ಆರ್ಡರ್ ಬಿಟ್ಟರೆ ಮತ್ತೆ ಸುಮಾರು ಹೊತ್ತು ಸುಮ್ಮನೆ ಕೂರಿಸ್ತದೆ.”

“ಯಾರು ಕೂರಿಸುವುದು?”

“ಅದೇ. ಆ್ಯಪ್.”

ನಿಜವಾಗಿಯೂ ಆ್ಯಪ್ ಕೂರಿಸುತ್ತದೋ, ಆ ಹೊತ್ತಿಗೆ ಆರ್ಡರೇ ಇರಲಿಲ್ಲವೋ, ಅವನಿಗೆ ಗೊತ್ತಾಗುವ ಹಾದಿಯಿಲ್ಲ. ಆದರೂ ಅವನ ನಡವಳಿಕೆ ಆ ನಂಬಿಕೆಗೆ ತಕ್ಕಂತೆ ತಿರುಗಿದೆ. ಜಡಿಮಳೆಯಲ್ಲಿ, ಕೆಸರಿನ ಒಳದಾರಿಗೆ, ಹೋದರೆ ಪೆಟ್ರೋಲಿಗೂ ಗಿಟ್ಟದ ಆರ್ಡರನ್ನು ಬಿಡುವುದಿಲ್ಲ. ಅವನ ಜೊತೆಯವರಲ್ಲಿ ಇಂಥ ನಂಬಿಕೆಗಳ ಒಂದು ಪುರಾಣವೇ ಇದೆ. ಇಂಥ ಹೋಟೆಲಿನ ಎದುರು ನಿಂತರೆ ಬೇಗ ಬೀಳುತ್ತದೆ. ಒಮ್ಮೆ ಲಾಗೌಟ್ ಆಗಿ ಬಂದರೆ ಸರಿಯಾಗುತ್ತದೆ. ಹೊಸ ಐಡಿಗೆ ಮೊದಲ ವಾರ ಜಾಸ್ತಿ ಕೊಟ್ಟು ಆಸೆ ಹುಟ್ಟಿಸುತ್ತದೆ. ಕಸ್ಟಮರ್ ಕೇರಿಗೆ ದೂರು ಕೊಟ್ಟವನಿಗೆ ಕಡಿಮೆಯಾಗುತ್ತದೆ. ಕೊನೆಯದನ್ನು ಅವನು ದನಿ ತಗ್ಗಿಸಿ ಹೇಳಿದ, ಫೋನು ಕೇಳಿಸಿಕೊಂಡೀತು ಎಂಬಂತೆ. ರಹಮಾನ್ ಕಂಡ ಎರಡೂ ಬಗೆ ಇಲ್ಲಿ ಒಬ್ಬನಲ್ಲೇ ಇತ್ತು: ನಿಲ್ಲುವ ಜಾಗದ ವಿಷಯದಲ್ಲಿ ಪ್ರಯೋಗ, ದೂರಿನ ವಿಷಯದಲ್ಲಿ ಮುದುಡುವಿಕೆ.

ನಮ್ಮ ಕಡೆಯ ಹುಡುಗರು ದಡ್ಡರಾದ್ದರಿಂದ ಹೀಗೆ ಎಂದುಕೊಳ್ಳುವವರಿಗೆ ಇನ್ನೆರಡು ಅಧ್ಯಯನ ನೆನಪಿಸಬೇಕು. ಅಲೆಕ್ಸ್ ರೋಸೆನ್‌ಬ್ಲಾಟ್ ಮತ್ತು ಲ್ಯೂಕ್ ಸ್ಟಾರ್ಕ್ 2016ರಲ್ಲಿ ಊಬರ್ ಚಾಲಕರ ಬಗ್ಗೆ ಬರೆದರು. ಪ್ರಯಾಣಿಕ ಎಲ್ಲಿಗೆ ಹೋಗಬೇಕೆಂದು ತಿಳಿಯದೆಯೇ ಚಾಲಕ ಆಗ ಒಪ್ಪಿಕೊಳ್ಳಬೇಕಿತ್ತು. ಒಪ್ಪದಿದ್ದರೆ ಅದು ಲೆಕ್ಕಕ್ಕೆ ಹೋಗುತ್ತಿತ್ತು. ಕಂಪನಿಗೆ ಎರಡೂ ಬದಿ ಕಾಣುತ್ತಿತ್ತು, ಚಾಲಕನಿಗೆ ಮುಂದಿನ ತಿರುವು ಮಾತ್ರ. ಇನ್ನೊಬ್ಬರು ಲಿಂಡ್ಸಿ ಕ್ಯಾಮೆರಾನ್. ತಾವೇ ಟ್ಯಾಕ್ಸಿ ಓಡಿಸಿ ನೋಡಿದವರು. ಚಾಲಕರು ಕೆಲಸವನ್ನು ಎರಡು ಬಗೆಯ ಆಟವಾಗಿ ಮಾಡಿಕೊಳ್ಳುತ್ತಾರೆ ಎಂದು ಅವರು ಕಂಡುಕೊಂಡರು. ಕೆಲವರದ್ದು ಪ್ರಯಾಣಿಕರ ಮನ ಗೆದ್ದು ಸ್ಟಾರ್ ಗಳಿಸುವ ಆಟ. ಉಳಿದವರದ್ದು ಕಡಿಮೆ ಹೊತ್ತಿನಲ್ಲಿ ಹೆಚ್ಚು ದುಡ್ಡು ಮಾಡುವ ಆಟ, ಪ್ರಯಾಣಿಕನ ಜೊತೆ ಮಾತು ಆದಷ್ಟು ಕಡಿಮೆ. ಮೊದಲಿನವರು ಆ್ಯಪಿನ ಮೇಲೆ ಅಷ್ಟೇನೂ ಸಿಟ್ಟು ಇಟ್ಟುಕೊಳ್ಳುವುದಿಲ್ಲ. ಎರಡನೆಯವರು ತಮ್ಮದೇ ಲೆಕ್ಕ ಇಡುತ್ತಾರೆ, ಆ್ಯಪನ್ನು ಎದುರಾಳಿಯಂತೆ ನೋಡುತ್ತಾರೆ.

ಆಟ ಎಂಬ ಈ ಮಾತಿಗೆ ಹಿಂದಿನ ಚರಿತ್ರೆಯೊಂದಿದೆ. ಮೈಕೆಲ್ ಬುರವೊಯ್ 1970ರ ದಶಕದಲ್ಲಿ ಶಿಕಾಗೋದ ಒಂದು ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತು ಕೆಲಸ ಮಾಡಿದರು. ಆಮೇಲೆ ತಿಳಿಯಿತು, ಮೂವತ್ತು ವರ್ಷಗಳ ಹಿಂದೆ ಡೊನಾಲ್ಡ್ ರಾಯ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞ ದುಡಿದದ್ದೂ ಅದೇ ಕಾರ್ಖಾನೆಯಲ್ಲಿ! ಇಷ್ಟು ಪೀಸಿಗೆ ಇಷ್ಟು ದುಡ್ಡು ಎಂಬ ಲೆಕ್ಕವನ್ನು ಮೀರಿಸುವುದೇ ಕಾರ್ಮಿಕರಿಗೆ ಒಂದು ಆಟವಾಗಿ, ಆ ಆಟದ ಅಮಲಿನಲ್ಲಿ ಅವರು ದುಡಿಮೆಗೆ ಒಪ್ಪಿಗೆ ಕೊಟ್ಟುಬಿಡುತ್ತಾರೆ ಎಂದರು ಬುರವೊಯ್. ಅಲ್ಲಿ ದರ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಆಡಲು ಬರುತ್ತಿತ್ತು. ದೇರಳಕಟ್ಟೆಯಲ್ಲಿ ಆಡುವವನಿಗೆ ಗೋಲುಕಂಬ ಎಲ್ಲಿದೆ ಎಂದು ತಿಳಿಯದು, ಆದರೂ ಆಡುತ್ತಾನೆ. ಕಂಪನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಲೆಕ್ಕವನ್ನೆಲ್ಲ ತೆರೆದಿಡಿ ಎಂದುಬಿಟ್ಟರೆ ಮುಗಿಯಿತಲ್ಲ? ಕಾರ್ಮಿಕರ ಪರವಾಗಿ ಮಾತಾಡುವ ನಾವೆಲ್ಲ ಸಾಮಾನ್ಯವಾಗಿ ಅಲ್ಲಿಗೆ ಬಂದು ನಿಲ್ಲುತ್ತೇವೆ. ರಹಮಾನ್ ಪ್ರಬಂಧದ ಮೊದಲರ್ಧವೇ ಅದಕ್ಕೆ ಅಡ್ಡ ನಿಂತಿದೆ. ತೆರೆದಿಟ್ಟಾಗ ಅಂಕಕ್ಕೆ ಬೆಲೆ ಉಳಿಯಲಿಲ್ಲ, ಮುಚ್ಚಿದಾಗ ಮನುಷ್ಯರಿಗೆ ನೆಮ್ಮದಿ ಉಳಿಯಲಿಲ್ಲ. ಎರಡರ ನಡುವೆ ಮೂರನೆಯದೊಂದಿದೆ. ಅದನ್ನು ಹೇಳಲು ಬೀಡಿಯ ಕತೆಗೆ ಬರಬೇಕು.

ಅಮ್ಮ ಬೀಡಿ ಕಟ್ಟುತ್ತಿದ್ದರು. ಆಗ ನಮ್ಮ ಸುತ್ತಿನಲ್ಲಿ ಬೀಡಿ ಕಟ್ಟದ ಮನೆ ಕಡಿಮೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ತರುವುದು. ಎಲೆ ನೆನೆಹಾಕಿ ಕತ್ತರಿಸಿ, ಸುತ್ತಿ, ನೂಲು ಬಿಗಿದು, ಇಪ್ಪತ್ತೈದರ ಕಟ್ಟು ಮಾಡಿ ಕೊಂಡುಹೋಗಿ ಕೊಡುವುದು. ಸಾವಿರಕ್ಕೆ ಇಷ್ಟೆಂದು ಮಜೂರಿ. ಯಾರೂ ಹತ್ತಿರ ಕೂತು ಕೆಲಸ ಮಾಡಿಸುವುದಿಲ್ಲ. ಬೇಕಾದಾಗ ಕಟ್ಟು, ಬೇಡವೆಂದರೆ ಇಡು. ಈಗಿನ ಆ್ಯಪುಗಳು ನಿಮ್ಮ ಸಮಯಕ್ಕೆ ನೀವೇ ಯಜಮಾನರು ಎಂದು ಜಾಹೀರಾತು ಕೊಡುವಾಗ ನನಗೆ ಅಮ್ಮನ ಮಡಿಲ ಮೇಲಿನ ತಡ್ಪೆ, ಬೀಡಿ ಕಟ್ಟುವ ಆ ಮೊರ, ಕಾಣುತ್ತದೆ. ಸ್ವಂತ ಸಮಯದ ಯಜಮಾನಿಕೆ ಅಂದರೆ ಅಡಿಗೆ, ದನ, ಮಕ್ಕಳು ಮುಗಿದ ಮೇಲೆ ಉಳಿದ ರಾತ್ರಿ.

ಆ ಯಜಮಾನಿಕೆ ಮುಗಿಯುವುದು ಬ್ರಾಂಚಿನ ಮೇಜಿನ ಎದುರು. ಕಂಟ್ರಾಕ್ಟರು ಕಟ್ಟು ಕೈಗೆತ್ತಿಕೊಂಡು, ಬೆರಳಿನಲ್ಲಿ ಒತ್ತಿ, ಇದು ಸಡಿಲ, ಇದರ ಬಾಯಿ ಸರಿಯಿಲ್ಲ ಎಂದು ಒಂದು ಬದಿಗೆ ಸರಿಸುತ್ತಿದ್ದ. ಬದಿಗೆ ಸರಿಸಿದ್ದಕ್ಕೆ ಮಜೂರಿ ಇಲ್ಲ, ಬೀಡಿಯೂ ಹಿಂದೆ ಬರುವುದಿಲ್ಲ. ಆ ಬೀಡಿ ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಒಲೆಗಂತೂ ಹೋಗುತ್ತಿರಲಿಲ್ಲ. ಕಟ್ಟುವವರೂ ಸುಮ್ಮನೆ ಇರುತ್ತಿರಲಿಲ್ಲ ಅನ್ನಿ. ಪುಡಿ ಚೂರು ಕಡಿಮೆ ತುಂಬಿ ಉಳಿಸುವುದು, ಎಲೆಯನ್ನು ಸ್ವಲ್ಪ ಚಿಕ್ಕದಾಗಿ ಕತ್ತರಿಸುವುದು ಇತ್ತು. ತೂತು ಬಿದ್ದ ಎಲೆ ಕೊಟ್ಟು ಸಾವಿರ ತುಂಬಿಸು ಎಂದರೆ ಬೇರೇನು ಮಾಡುತ್ತಾರೆ? ಅಂತೂ ನಿಯಮ ಎರಡೂ ಕಡೆಗೆ ಗೊತ್ತಿತ್ತು, ಎರಡೂ ಕಡೆಯವರು ಅದನ್ನು ಆಡಿಕೊಳ್ಳುತ್ತಿದ್ದರು.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಮಾಡಿತು. ಅದನ್ನೂ ಅದರಡಿ ರಾಜ್ಯಗಳು ಮಾಡಿದ ನಿಯಮಗಳನ್ನೂ ಈಗ ಕೂತು ಓದಿದರೆ ಮೆಚ್ಚಿಗೆಯಾಗುತ್ತದೆ. ಒಳ್ಳೆಯ ಬೀಡಿ ಎಂದರೆ ಯಾವುದು ಎಂದು ವಿವರಿಸಲು ಯಾರೂ ಹೋಗಲಿಲ್ಲ. ಕಂಟ್ರಾಕ್ಟರಿನ ಬೆರಳಿನೊಳಗಿನ ಲೆಕ್ಕವನ್ನು ಹೊರಗೆ ತೆಗೆಯುವ ಕಷ್ಟಕ್ಕೂ ಕೈಹಾಕಲಿಲ್ಲ. ಮೈಸೂರು (ಈಗಿನ ಕರ್ನಾಟಕ), ಮಹಾರಾಷ್ಟ್ರ ರಾಜ್ಯಗಳ ನಿಯಮಗಳು ಹೇಳಿದ್ದಿಷ್ಟು: ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಹೆಚ್ಚು ಬೀಡಿಯನ್ನು ತಿರಸ್ಕರಿಸಬಾರದು. ತಿರಸ್ಕರಿಸಿದ್ದಕ್ಕೂ, ಕೆಲಸಗಾರ ಬೇಕೆಂದೇ ಹಾಳು ಮಾಡಿದ್ದಲ್ಲದಿದ್ದರೆ, ಅರ್ಧ ಮಜೂರಿ ಕೊಡಬೇಕು. ಇನ್ನು ಕಾಯ್ದೆಯ 39ನೇ ಸೆಕ್ಷನ್: ಎಲೆ-ಪುಡಿ ಕೊಡುವುದರಲ್ಲಿ, ಬೀಡಿ ತಿರಸ್ಕರಿಸುವುದರಲ್ಲಿ, ತಿರಸ್ಕರಿಸಿದ್ದರ ಮಜೂರಿಯಲ್ಲಿ ಜಗಳ ಬಂದರೆ ಅದನ್ನು ಚುಟುಕಾಗಿ ತೀರ್ಮಾನಿಸಲು ಸರ್ಕಾರ ಗೊತ್ತುಮಾಡಿದ ಒಬ್ಬ ಅಧಿಕಾರಿ. ಕಂಪನಿಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ನಾನು ಮೂರನೆಯದು ಎಂದದ್ದು ಇದನ್ನೇ. ನಿನ್ನ ತೂಕದ ಗುಟ್ಟು ನಿನ್ನಲ್ಲೇ ಇರಲಿ, ಆದರೆ ಅದರಿಂದ ನೀನು ಕಿತ್ತುಕೊಳ್ಳುವುದಕ್ಕೆ ಒಂದು ಮಿತಿ ಇರಲಿ, ಕಿತ್ತುಕೊಂಡಾಗ ನಾನು ಹೋಗಿ ಕೇಳಲು ಒಂದು ಬಾಗಿಲು ಇರಲಿ. ಈ ನಿಯಮ ನಮ್ಮೂರಿನ ಬ್ರಾಂಚುಗಳಲ್ಲಿ ಅಚ್ಚುಕಟ್ಟಾಗಿ ನಡೆಯಿತು ಎಂದು ಹೇಳಿದರೆ ಅಮ್ಮ ನಕ್ಕಾರು. ಆದರೂ ಯೂನಿಯನ್ನಿನವರು ಬಂದು ಮೇಜು ಗುದ್ದುವಾಗ ಹಿಡಿದುಕೊಳ್ಳಲು ಕೈಗೆ ಒಂದು ಅಂಕಿ ಇತ್ತು. ಗುದ್ದಲು ಮೇಜೂ ಇತ್ತು. ಕಂಟ್ರಾಕ್ಟರು ಸಂಜೆ ಅದೇ ಬಸ್ಸಿನಲ್ಲಿ ಬರಬೇಕು, ಅದೇ ಅಯನದ ಜಾತ್ರೆಗೆ, ಉರೂಸಿಗೆ ಬರಬೇಕು. ಅವನಿಗೂ ಮುಖವೊಂದಿತ್ತು.

ಇದೆಲ್ಲ ಸುಮ್ಮನೆ ಬಂದದ್ದಲ್ಲ, ಮತ್ತು ಗಡಿ ಇದರಲ್ಲಿ ದೊಡ್ಡ ಪಾತ್ರ ಆಡಿದೆ. 1968ರಲ್ಲಿ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರ ಕೇರಳದಲ್ಲಿ ಕಾಯ್ದೆ ಜಾರಿಗೆ ಹೊರಟಾಗ ಮಂಗಳೂರಿನ ಮಾಲೀಕರು ಕಣ್ಣೂರು ಭಾಗದ ಕೆಲಸ ನಿಲ್ಲಿಸಿದರು. ಗಡಿಯ ಆಚೆ, ಮೈಸೂರು ರಾಜ್ಯದಲ್ಲಿ ಇನ್ನೂ ಜಾರಿಯಾಗಿರಲಿಲ್ಲ, ಎಲೆ-ಪುಡಿಯನ್ನು ಅತ್ತ ಕಳಿಸಿದರಾಯಿತು. ಸುಮಾರು 12 ಸಾವಿರ ಜನ ಕೆಲಸ ಕಳೆದುಕೊಂಡರು. ಅದಕ್ಕೆ ಉತ್ತರವಾಗಿ 1969ರಲ್ಲಿ ಹುಟ್ಟಿದ್ದು ಕಾರ್ಮಿಕರದೇ ಸಹಕಾರ ಸಂಘ, ದಿನೇಶ್ ಬೀಡಿ. ಒಬ್ಬ ಪತ್ರಿಕೆ ಓದುವುದು, ಉಳಿದವರು ಕೇಳುತ್ತ ಬೀಡಿ ಸುತ್ತುವುದು ಅಲ್ಲಿನ ಬೀಡಿ ಕಟ್ಟುವ ಶೆಡ್ಡುಗಳಲ್ಲಿ ಹೆಸರಾದ ರೂಢಿ. ಬೀಡಿ ಸೇದುವವರು ಕಡಿಮೆಯಾದ ಮೇಲೆ ಅದೇ ಸಂಘ ಕೊಡೆ, ಮಸಾಲೆಪುಡಿ ಎಂದು ಬೇರೆ ದಾರಿ ಹಿಡಿಯಿತು. ಮಂಜೇಶ್ವರದಂಥ ಕಡೆ, ಮಂಗಳೂರಿನ ಬ್ರಾಂಚುಗಳಿಗೆ ಕಟ್ಟುತ್ತಿದ್ದ ನಮ್ಮ ಹೆಂಗಸರಿಗೆ ಆ ಓದು ಕೇಳುವ ಭಾಗ್ಯ ಇರಲಿಲ್ಲ. ಮನೆಯಲ್ಲಿ ಒಬ್ಬೊಬ್ಬರೇ ಕಟ್ಟುವವರು. ಒಬ್ಬೊಬ್ಬರೇ ಇರುವುದು ಎಷ್ಟು ದುರ್ಬಲ ಸ್ಥಿತಿ ಎಂಬುದಕ್ಕೆ ಈಗಿನ ಬೈಕಿನ ಹುಡುಗರನ್ನು ನೋಡಿದರೆ ಸಾಕು.

ಈ ಸಲ ನಮ್ಮ ಗಡಿಯ ಎರಡು ಬದಿಗಳಲ್ಲಿ ಕಾಯ್ದೆ ಮೊದಲು ಬಂದದ್ದು ತಲಪಾಡಿಯ ಆಚೆ, ಕರ್ನಾಟಕದಲ್ಲಿ. 2023ರಲ್ಲಿ ರಾಜಸ್ಥಾನ ದೇಶದಲ್ಲೇ ಮೊದಲ ಗಿಗ್ ಕಾರ್ಮಿಕರ, ಅಂದರೆ ಆ್ಯಪಿನಂಥ ವೇದಿಕೆಗಳಲ್ಲಿ ಬಿಡಿ ಕೆಲಸ ಮಾಡುವವರ ಕಾಯ್ದೆ ಮಾಡಿತು. 2025ರಲ್ಲಿ ಕರ್ನಾಟಕ ಮೊದಲು ಸುಗ್ರೀವಾಜ್ಞೆ, ಬಳಿಕ ಕಾಯ್ದೆ ತಂದಿತು. ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಕೊಡುವ ಮೊತ್ತದ ಮೇಲೆ 1ರಿಂದ 5 ಶೇಕಡಾ ಕಲ್ಯಾಣ ಶುಲ್ಕ ಎಂಬುದೇ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಕೆಲಸದಿಂದ ತೆಗೆಯುವ ಮೊದಲು ಕಾರಣ ಬರೆದು 14 ದಿನಗಳ ನೋಟಿಸು ಕೊಡಬೇಕು. ಯಂತ್ರವೇ ನಿಗಾ ಇಟ್ಟು ತೀರ್ಮಾನಿಸುವ ವ್ಯವಸ್ಥೆಯ ಬಗ್ಗೆ ಕೆಲಸಗಾರ ಮಾಹಿತಿ ಕೇಳಬಹುದು. ಆ ಮಾಹಿತಿ ಕನ್ನಡ, ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಅವನಿಗೆ ತಿಳಿದ ಭಾಷೆಯಲ್ಲಿ ಇರಬೇಕು. ತುಳು ಎಂಟನೇ ಪರಿಚ್ಛೇದದಲ್ಲಿ ಇಲ್ಲ, ಬ್ಯಾರಿ ಕೇಳುವುದೇ ಬೇಡ. ದೇರಳಕಟ್ಟೆಯ ಹುಡುಗರು ತಮ್ಮತಮ್ಮಲ್ಲಿ ಬೈದುಕೊಳ್ಳುವುದೂ ಲೆಕ್ಕ ಹಾಕುವುದೂ ಅವೆರಡರಲ್ಲೇ. ಮಲಯಾಳದ ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆದ ಕಾಸರಗೋಡಿನ ಕನ್ನಡಿಗರಿಗೆ, ಭಾಷೆ ಬಾರದ ಕೌಂಟರು ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಯುರೋಪಿನ ಒಕ್ಕೂಟ 2024ರಲ್ಲಿ ಹೊರಡಿಸಿದ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಖಾತೆ ತಡೆಹಿಡಿಯುವ, ರದ್ದು ಮಾಡುವ ನಿರ್ಧಾರವನ್ನು ಮನುಷ್ಯನೇ ತೆಗೆದುಕೊಳ್ಳಬೇಕು ಎಂದಿದೆ. ಇಲ್ಲಿ ಹುಡುಗರು ಅದಕ್ಕೆ ಐಡಿ ಬ್ಲಾಕ್ ಆಯಿತು ಎನ್ನುತ್ತಾರೆ. ಜ್ವರ ಬಂತು, ಮಳೆ ಬಂತು ಎಂಬ ಹಾಗೆ. ಮಾಡಿದವರು ಯಾರೂ ಇಲ್ಲ.

ನಮ್ಮ ಹಳೆಯ ವಿದ್ಯಾರ್ಥಿ ಇರುವುದು ಕೇರಳದಲ್ಲಿ, ವೋಟು, ರೇಷನ್ ಕಾರ್ಡು ಇಲ್ಲಿಯದೇ. ದುಡಿಯುವುದು ಕರ್ನಾಟಕದಲ್ಲಿ. ಬೇಸಗೆ ರಜೆಯಲ್ಲಿ ಹಾಸ್ಟೆಲ್ ಖಾಲಿಯಾದರೆ ಮತ್ತೆ ಕಾಸರಗೋಡು ಪೇಟೆಗೆ ಬರುತ್ತಾನೆ. ಕರ್ನಾಟಕದ ಕಾಯ್ದೆ ಕರ್ನಾಟಕದ ಕೆಲಸಕ್ಕೆ. ಅಂದರೆ ವರ್ಷದ ಕೆಲವು ತಿಂಗಳು ಅವನಿಗೆ 14 ದಿನದ ನೋಟಿಸು ಉಂಟು, ಉಳಿದ ತಿಂಗಳು ಆ ಕಾಯ್ದೆ ಅವನ ಕೈಗೆ ಎಟಕುವುದಿಲ್ಲ. ಬೈಕು ಅದೇ, ಕಂಪನಿಯೂ ಅದೇ. ಮಾಲೀಕರಿಗೆ ಈ ಗಡಿ 1968ರಲ್ಲಿ ಒದಗಿ ಬಂದಿತ್ತು, ಕೆಲಸಗಾರನಿಗೆ ಒದಗಿದ್ದು ನಾನು ನೋಡಿಲ್ಲ.

ನೀತಿ ಆಯೋಗದ 2022ರ ವರದಿ 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದಾರೆ ಎಂದು ಅಂದಾಜು ಮಾಡಿತು. 2029–30ಕ್ಕೆ ಅದು 2.35 ಕೋಟಿ ಆದೀತಂತೆ. ಅವರಿಗೆ ಕೇಂದ್ರದ ಕಾನೂನಿನಲ್ಲಿ ಹೆಸರು ಸಿಕ್ಕಿದ್ದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ನಾಲ್ಕು ಕಾರ್ಮಿಕ ಸಂಹಿತೆಗಳೂ ಒಟ್ಟಿಗೆ ಜಾರಿಯಾದವು. 1966ರ ಬೀಡಿ ಕಾಯ್ದೆ ಅವುಗಳಲ್ಲೊಂದರೊಳಗೆ ಕರಗಿದ್ದೂ ಆಗಲೇ. ಹೀಗೆ ಬೀಡಿಯ ಹೆಂಗಸರ ಕಾಯ್ದೆ ಹೋದ ದಿನವೇ ಆ್ಯಪಿನ ಹುಡುಗರದ್ದು ಬಂತು. ಸಂಹಿತೆ ಇವರಿಗೆ ಕಲ್ಯಾಣನಿಧಿಯ ಮಾತಾಡುತ್ತದೆ, ಕಂಪನಿಗಳ ವಹಿವಾಟಿನಲ್ಲಿ 1–2 ಶೇಕಡಾ ವಂತಿಗೆ. ಬೇಕಾದದ್ದೇ. ಆದರೆ ಸ್ಕೋರು ಇಳಿದ ಮೇಲೆ ಒಬ್ಬನ ದುಡಿಮೆಯಲ್ಲಿ ಎಷ್ಟು ಪಾಲನ್ನು ಕಿತ್ತುಕೊಳ್ಳಬಹುದು ಎಂಬುದಕ್ಕೆ, ಆ ಹಳೆಯ ನೂರಕ್ಕೆ 5ರ ಹಾಗೆ, ಒಂದು ಅಂಕಿಯನ್ನು ಬರೆದ ಕಾನೂನು ನನಗೆ ಕಂಡಿಲ್ಲ. ಅಲ್ಗಾರಿದಮ್ ತೋರಿಸಿ ಎಂದು ಕೂಗುವುದಕ್ಕಿಂತ ಅದನ್ನು ಕೇಳುವುದು ಸುಲಭ ಎಂದು ನನ್ನ ಎಣಿಕೆ. ತೋರಿಸಿದರೂ ಓದುವವರು ಯಾರು? ನನಗೆ ಬರುವುದಿಲ್ಲ, ಅವನಿಗೆ ಪುರುಸೊತ್ತಿಲ್ಲ.

ಬೆಂಗಳೂರಿನ ಐಐಐಟಿಯವರು ಆಕ್ಸ್‌ಫರ್ಡಿನ ಫೇರ್‌ವರ್ಕ್ ಯೋಜನೆಯ ಜೊತೆ ಸೇರಿ ಈ ವೇದಿಕೆಗಳಿಗೇ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುತ್ತಾರೆ. ಸಂಬಳ, ಸುರಕ್ಷತೆ, ಒಪ್ಪಂದ, ಆಡಳಿತ, ಕಾರ್ಮಿಕರ ದನಿ, ಹೀಗೆ ಐದು ತಲೆಬರಹ. ಯಾವುದಕ್ಕೆ ಏಕೆ ಅಂಕ ಎಂದು ಬರೆದಿಟ್ಟಿರುತ್ತಾರೆ. ಅಂಕ ಕೊಡುವವರಿಗೂ ಅಂಕ ಬೀಳುವುದನ್ನು ನೋಡಿ ನಮ್ಮ ಬಿ.ಕಾಂ. ಮಕ್ಕಳಿಗೆ ಖುಷಿಯೋ ಖುಷಿ. ಪ್ರಾಜೆಕ್ಟಿಗೆ ಅದೇ ಮಾದರಿಯಲ್ಲಿ ಪ್ರಶ್ನಾವಳಿ ಮಾಡಿದರು. ವಯಸ್ಸು, ಬೈಕು ಯಾರದ್ದು, ಇನ್ಸೆಂಟಿವ್ ಎಷ್ಟು ಎಂದೆಲ್ಲ ಆದ ಮೇಲೆ ಒಬ್ಬಳು ತಾನಾಗಿ ಒಂದು ಪ್ರಶ್ನೆ ಸೇರಿಸಿದಳು: ‘ನಿಮ್ಮ ಮೇಲಿನವರು ಯಾರು? ಹೆಸರು ಬರೆಯಿರಿ.’

ತುಂಬಿ ಬಂದ ಹಾಳೆಗಳಲ್ಲಿ ಕೆಲವರು ಕಂಪನಿಯ ಹೆಸರು ಬರೆದಿದ್ದರು, ಕೆಲವರು ಕಸ್ಟಮರ್ ಎಂದಿದ್ದರು. ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ಕೂರುವ ಕಾಕನ ಹೆಸರು ಬರೆದವರೂ ಇದ್ದರು, ಊಟ ತಡಮಾಡಿ ಕೊಟ್ಟು ತಮ್ಮ ಸ್ಟಾರ್ ಇಳಿಸುವವನು ಅವನೇ ಅಂತೆ. ಒಬ್ಬ ಗೂಗಲ್ ಮ್ಯಾಪ್ ಎಂದು ಬರೆದಿದ್ದ. ಅದನ್ನು ತಮಾಷೆ ಎಂದು ಬಿಟ್ಟುಬಿಡೋಣ ಎಂದು ಗುಂಪಿನ ಅರ್ಧ ಜನ, ಬಿಡಕೂಡದು, ಅದಕ್ಕೆ ಬೇರೆ ಕಾಲಮ್ಮೇ ಬೇಕು ಎಂದು ಉಳಿದರ್ಧ. ಟೀಚರ್ ನೀವೇ ಹೇಳಿ ಎಂದು ನನ್ನ ಹತ್ತಿರ ಬಂದರು. ಕಾಲಮ್ಮು ಹಾಕಿ ಎಂದಿದ್ದೇನೆ.